ಪುಕ್ಕಲ ಮೇಸ್ತ್ರಿಯ ಬೀಗ

ಐಸ್ ಫ್ಯಾಕ್ಟರಿಯ ಮ್ಯಾನೇಜರ್ ಹೆಣದ ಅಂಗಿಯ ಜೇಬಿನೊಳಗೆ ಮೊಣಕೈವರೆಗೆ ಕೈ ಇಳಿಸಿದ್ದಾಗ ಸತ್ತವನ ಮಗಳು ಒಳಗೆ ಬಂದಳು.

ಮೊಣಕೈವರೆಗೆ ಎಂದರೆ ಹೆಚ್ಚು ಹೇಳಿದಂತಲ್ಲ. ಪುಕ್ಕಲ ಮೇಸ್ತ್ರಿಯ ಜೇಬುಗಳ ತಳ ಕಂಡವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಟೆಸ್ಟರು, ಟೇಪು, ರಬ್ಬರ್ ಗ್ಲೌಸು, ಕನ್ನಡಕದ ಮೇಲೆ ಹಾಕಿಕೊಳ್ಳುವ ಇನ್ನೊಂದು ಕನ್ನಡಕ, ಎಲ್ಲವೂ ಅಲ್ಲಿಂದಲೇ ಹೊರಬರುತ್ತಿದ್ದವು. ಒಮ್ಮೆ ಆ ಜೇಬಿನಿಂದ ರೆಕ್ಕೆಗಳ ಸಮೇತ ಒಂದು ಫ್ಯಾನು ಹೊರಬಂದದ್ದನ್ನು ಕಣ್ಣಾರೆ ಕಂಡವರು ಆ ಬೀದಿಯಲ್ಲಿ ಈಗಲೂ ಇದ್ದಾರೆ.

"ಏನ್ ಹುಡುಕ್ತಿದ್ದೀರಿ ಸರ್?" ಎಂದಳು ಮಗಳು.

ಮ್ಯಾನೇಜರ್ ಬೆಚ್ಚಿ ಕೈ ಎಳೆದುಕೊಂಡ. "ನಾಡಿ... ನಾಡಿ ನೋಡ್ತಿದ್ದೆ ಕಣಮ್ಮಾ."

"ನಾಡಿ ಜೇಬಲ್ಲಿರುತ್ತಾ?"

ಮ್ಯಾನೇಜರ್ ಹಣೆಯ ಬೆವರು ಒರೆಸಿಕೊಂಡ. ಐಸ್ ಫ್ಯಾಕ್ಟರಿಯವನಾಗಿದ್ದೂ ಆ ಮನುಷ್ಯ ಬೆವರುತ್ತಿದ್ದುದನ್ನು ಒಟ್ಟುಮಾಡಿದರೆ ಒಂದು ಕೆರೆ ತುಂಬುತ್ತಿತ್ತು. "ಕೀಲಿಕೈ ಕಣಮ್ಮಾ. ನಿನಗೆ ಗೊತ್ತಲ್ಲ. ನಿನ್ನೆಯಿಂದ ಫ್ಯಾಕ್ಟರಿ ಕತ್ತಲು. ಐಸೆಲ್ಲ ನೀರಾಗಿ ಗೇಟಿನ ಹೊರಗೆ ಹರೀತಿದೆ. ಬೀದಿನಾಯಿಗಳು ಈಜಾಡ್ತಿವೆ. ಸಮಯ ಅಲ್ಲ ಅಂತ ನಂಗೂ ಗೊತ್ತು. ಆದ್ರೆ ಐಸಿಗೆ ಗೊತ್ತಾಗಲ್ವಲ್ಲ!"

ವಿಷಯ ಇಷ್ಟೇ. ಹಿಂದಿನ ದಿನ ಮೇಸ್ತ್ರಿ ಐಸ್ ಫ್ಯಾಕ್ಟರಿಯ ದೊಡ್ಡ ಪ್ಯಾನೆಲ್ ಬಿಚ್ಚಿದ್ದ. ಒಳಗಿನ ತಾಮ್ರದ ಪಟ್ಟಿಯ ಬೋಲ್ಟೊಂದು ಸಡಿಲಾಗಿ, ಕಾದು, ಕರಕಲಾಗಿತ್ತು. ಹೊಸ ಬೋಲ್ಟು ಅಂಗಡಿಗೆ ಬರುವುದು ಮರುದಿನ ಬೆಳಿಗ್ಗೆ. ಮೇಸ್ತ್ರಿ ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಗಿಳಿಸಿ, ಯಾರೂ ಮೇಲೆತ್ತದಂತೆ ಅದಕ್ಕೆ ತನ್ನ ಕೆಂಪು ಬಣ್ಣದ ಬೀಗ ಜಡಿದು, ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದ. ಉಂಡ. ಹೆಂಡತಿಯ ಹತ್ತಿರ ಎಂದಿನಂತೆ ಸೋತು ಒಂದು ಜಗಳ ಮುಗಿಸಿದ. ಮಲಗಿದ. ಬೆಳಿಗ್ಗೆ ಏಳಲಿಲ್ಲ. ಡಾಕ್ಟರು ಹೃದಯ ಎಂದರು.

ಎಲೆಕ್ಟ್ರಿಷಿಯನ್ ಒಬ್ಬ ಕರೆಂಟಿನ ಸಹಾಯವೇ ಇಲ್ಲದೆ, ತನ್ನದೇ ಹಾಸಿಗೆಯಲ್ಲಿ, ಎರಡೂ ಕಣ್ಣು, ಎರಡೂ ಕಾಲು, ಕೈಯ ಅಷ್ಟೂ ಬೆರಳುಗಳ ಸಮೇತ ತೀರಿಕೊಂಡದ್ದು ಆ ಊರಿನಲ್ಲಿ ಅದೇ ಮೊದಲು. ನೋಡಲು ಬಂದವರಲ್ಲಿ ಅರ್ಧ ಜನ ಮುಖ ನೋಡುವ ಮೊದಲು ಬೆರಳು ಎಣಿಸುತ್ತಿದ್ದರು.

"ಕೀಲಿಕೈ ಜೇಬಲ್ಲಿಲ್ಲ. ಅಮ್ಮನ ಹತ್ರ ಇದೆ," ಎಂದಳು ಮಗಳು.

ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಅಮ್ಮ ಮುಷ್ಟಿಯನ್ನು ಇನ್ನಷ್ಟು ಬಿಗಿ ಮಾಡಿದಳು. "ಕೊಡಲ್ಲ."

"ಅಮ್ಮಾ ತಾಯಿ, ಸ್ವಲ್ಪ ಯೋಚನೆ ಮಾಡಿ," ಮ್ಯಾನೇಜರ್ ಮಂಡಿಯೂರುವುದೊಂದು ಬಾಕಿ. "ಯಾರೋ ಕೆಲಸ ಮಾಡ್ತಿರುವಾಗ ಇನ್ಯಾರೋ ಬಂದು ಸ್ವಿಚ್ ಹಾಕ್ಬಾರ್ದು ಅಂತ ತಾನೇ ಬೀಗ? ಕೆಲಸ ಮಾಡ್ತಿದ್ದವರು ಯಾರು? ಇವರು. ಇವರು ಎಲ್ಲಿದ್ದಾರೆ? ಇಲ್ಲೇ, ನಮ್ಮ ಕಣ್ಣೆದುರಿಗೇ ಮಲಗಿದ್ದಾರೆ. ಇದಕ್ಕಿಂತ ಸೇಫ್ ಇನ್ನೇನಿದೆ ಹೇಳಿ!"

"ನಲವತ್ತು ವರ್ಷ ಸಂಸಾರ ಮಾಡಿದೀನಿ. ಇವರ ಬೀಗ ಒಂದು ಸಲನೂ ಮುಟ್ಟಿದೋಳಲ್ಲ. ಇವತ್ತು ಮುಟ್ತೀನಾ?"

ಮ್ಯಾನೇಜರ್ ಮಗಳತ್ತ ತಿರುಗಿದ. ಅವಳೂ ಅಪ್ಪನ ಜೊತೆಯೇ ದುಡಿದು ಪಳಗಿದ ಎಲೆಕ್ಟ್ರಿಷಿಯನ್ನು. ಹಿಂದಿನ ದಿನ ಒಂದು ಶಾಲೆಯ ವೈರಿಂಗ್ ಮುಗಿಸಲು ಬೇರೆ ಕಡೆ ಹೋಗಿದ್ದಳು. ಇಲ್ಲದಿದ್ದರೆ ಆ ಹಿಡಿಯ ಮೇಲೆ ಅವಳ ಬೀಗವೂ ಇರುತ್ತಿತ್ತು.

"ಮಣ್ಣು ಮಾಡಿ ಬಂದ ತಕ್ಷಣ ನಾನೇ ಬರ್ತೀನಿ ಸರ್," ಎಂದಳು. "ಒಳಗೆ ಯಾರಿದ್ದಾರೆ, ಅಪ್ಪ ಏನೇನು ಬಿಚ್ಚಿಟ್ಟಿದ್ದಾರೆ, ಎಲ್ಲ ನನ್ನ ಕಣ್ಣಿಂದ ನೋಡಿ ಆಮೇಲೆ ಬೀಗ ತೆಗೀತೀನಿ. ಅಲ್ಲಿವರೆಗೆ ಯಾರೂ ಮುಟ್ಟೋ ಹಾಗಿಲ್ಲ."

"ಅಷ್ಟರಲ್ಲಿ ಐಸು?"

"ಐಸು ಕರಗಿದ್ರೆ ಮತ್ತೆ ಗಟ್ಟಿಯಾಗುತ್ತೆ ಸರ್."

ಮ್ಯಾನೇಜರಿಗೆ ಆ ಮಾತು ಹಿಡಿಸಲಿಲ್ಲ. ಆದರೆ ಹೆಣದ ಮುಂದೆ ಎಷ್ಟು ಜಗಳವಾಡಬಹುದು ಎಂಬುದಕ್ಕೆ ಒಂದು ಮಿತಿಯಿದೆ. ಅವನು ಬೂಟು ಹಾಕಿಕೊಂಡು ಹೊರಗೆ ಹೋದ.

ಅವಳು ಅಪ್ಪನ ಅಂಗಿಯ ಜೇಬು ಸರಿಮಾಡಿದಳು. ಅಪ್ಪ ಬೀಗ ಜಡಿದು ಹಿಡಿದ ಕೆಲಸದಲ್ಲಿ ಈವರೆಗೆ ಒಬ್ಬರ ಚರ್ಮವೂ ಸುಟ್ಟಿರಲಿಲ್ಲ. ಒಬ್ಬರೂ ಏಣಿಯಿಂದ ಬಿದ್ದಿರಲಿಲ್ಲ. ಇವತ್ತೊಂದು ದಿನ, ಅಪ್ಪನನ್ನು ಮಣ್ಣಿಗೆ ಇಳಿಸುವಷ್ಟರಲ್ಲಿ, ಅವನೇ ಬಿಚ್ಚಿಟ್ಟುಬಂದ ಪ್ಯಾನೆಲ್ಲಿನಲ್ಲಿ ಯಾರಿಗಾದರೂ ಏನಾದರೂ ಆಗಿಬಿಟ್ಟರೆ? ಜನ ಉಳಿದ ಅಷ್ಟೂ ವರ್ಷಗಳನ್ನು ಮರೆತು ಆ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಅದೊಂದು ಆಗಬಾರದು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಹೊರಗೆ ಬಾಡಿಗೆ ಕುರ್ಚಿಗಳಲ್ಲಿ ಊರಿನ ಎಲೆಕ್ಟ್ರಿಷಿಯನ್ನರೆಲ್ಲ ಕುಳಿತಿದ್ದರು. ಹೊಸಬರು ನೋಡಿದ್ದರೆ ಯಾವುದೋ ಯುದ್ಧ ಮುಗಿಸಿ ಬಂದ ಸೈನ್ಯ ಎಂದುಕೊಳ್ಳುತ್ತಿದ್ದರು. ಉಂಗುರ ಎಂಬವನಿಗೆ ಉಂಗುರದ ಬೆರಳೇ ಇರಲಿಲ್ಲ. ಮದುವೆಯ ಉಂಗುರ ತೆಗೆಯದೆ ಬ್ಯಾಟರಿಯ ತಲೆಗೆ ಕೈ ಹಾಕಿದ್ದ; ಉಂಗುರ ಕೆಂಡವಾಗಿ ಬೆರಳನ್ನು ಜೊತೆಯಲ್ಲೇ ಕರೆದುಕೊಂಡು ಹೋಯಿತು. ಏಣಿ ಎಂಬವನು ಕುಂಟುತ್ತಿದ್ದ. ಅವನಿಗೆ ಹೊಡೆದದ್ದು ಚಿಟಿಕೆಯಷ್ಟು ಶಾಕು, ಸೊಳ್ಳೆ ಕಚ್ಚಿದಷ್ಟು. ಆದರೆ ಅದು ಹೊಡೆದದ್ದು ಕಟ್ಟದ, ಯಾರೂ ಹಿಡಿದಿರದ ಏಣಿಯ ತುದಿಯಲ್ಲಿ.

"ಅರ್ಧಮೀಸೆ ಬರ್ಲಿಲ್ವಲ್ಲೋ," ಎಂದ ಉಂಗುರ.

"ಅವನೆಲ್ಲಿ ಬರ್ತಾನೆ," ಏಣಿ ತನ್ನ ಕೆಟ್ಟ ಕಾಲನ್ನು ನೀವಿಕೊಂಡ. "ಮೇಸ್ತ್ರಿಗೆ ಪುಕ್ಕಲ ಅಂತ ಹೆಸರಿಟ್ಟವನೇ ಅವನು. ಸತ್ತ ಮೇಲೆ ಹೆದರೋರು ಯಾರೂ ಉಳಿದಿಲ್ಲ, ಇನ್ಯಾರನ್ನ ಆಡಿಕೊಳ್ಳೋಕೆ ಬರ್ತಾನೆ?"

"ಇಬ್ಬರೂ ಒಂದೇ ಗುರುವಿನ ಹತ್ರ ಕೆಲಸ ಕಲಿತೋರು ಕಣೋ."

"ಕಲಿತೋರು. ಒಬ್ಬ ಕೆಲಸ ಕಲಿತ. ಇನ್ನೊಬ್ಬ ಮೀಸೆ ಬಿಟ್ಟ."

"ಅದೂ ಅರ್ಧ," ಎಂದು ಉಂಗುರ ನಕ್ಕ. ಮಗಳು ಬಾಗಿಲಲ್ಲಿ ನಿಂತದ್ದನ್ನು ಕಂಡು ನಗುವನ್ನು ಕೆಮ್ಮು ಮಾಡಿದ.

"ನಗ್ರೀ ಮಾವ," ಎಂದಳು ಅವಳು. "ಅಪ್ಪನೂ ನಗ್ತಿದ್ರು ಅದಕ್ಕೆ."

*

ಅರ್ಧಮೀಸೆಗೆ ಒಂದು ಕಾಲದಲ್ಲಿ ಪೂರ್ತಿ ಮೀಸೆ ಇತ್ತು. ಅಂಥಿಂಥ ಮೀಸೆಯಲ್ಲ. ಒಂದೊಂದು ತುದಿಗೆ ಒಂದೊಂದು ಬಲ್ಬು ತೂಗುಹಾಕಬಹುದಿತ್ತು. ಆಗ ಅವನನ್ನು ಹುಲಿ ಎನ್ನುತ್ತಿದ್ದರು. ಯಾವ ತಂತಿಯಲ್ಲಿ ಕರೆಂಟಿದೆ ಎಂದು ಹೇಳಲು ಅವನಿಗೆ ಟೆಸ್ಟರು ಬೇಕಿರಲಿಲ್ಲ. ಬೆರಳ ತುದಿ ತಾಕಿಸಿ, ನಾಲಗೆ ಚಪ್ಪರಿಸಿ, "ಇದೆ" ಎನ್ನುತ್ತಿದ್ದ. ಉಪ್ಪು ಸಾಕೋ ಇಲ್ಲವೋ ಎಂದು ನೋಡುವ ಅಡುಗೆಯವನ ಹಾಗೆ.

ಆಗ ಅವನಿಗೂ ಮೇಸ್ತ್ರಿಗೂ ಹರೆಯ. ಒಂದು ಎಣ್ಣೆ ಮಿಲ್ಲಿನ ಬೋರ್ಡಿನಲ್ಲಿ ಒಂದೇ ಒಂದು ಸ್ಕ್ರೂ ಬಿಗಿಮಾಡಬೇಕಿತ್ತು.

"ಮೇನ್ ತೆಗೆಯೋಣ," ಎಂದ ಮೇಸ್ತ್ರಿ.

"ಒಂದು ಸ್ಕ್ರೂಗಾ? ಇಡೀ ಮಿಲ್ ನಿಲ್ಲಿಸ್ತೀಯಾ? ನೀನು ಎಲೆಕ್ಟ್ರಿಷಿಯನ್ನೋ, ಹೊಸ ಮದುಮಗಳೋ?"

"ನಂಗೆ ಹೆದರಿಕೆ ಆಗುತ್ತಪ್ಪ."

"ಪುಕ್ಕಲ," ಎಂದು ಹುಲಿ ಬೋರ್ಡಿಗೆ ಮುಖ ಹತ್ತಿರ ಹಿಡಿದು ಸ್ಕ್ರೂಡ್ರೈವರ್ ಒಳಗಿಟ್ಟ.

ಅದು ಜಾರಿತು. ಕೂದಲಿನಷ್ಟು ಜಾರಿತು. ತುದಿ ಒಂದು ತಂತಿಯಲ್ಲಿ, ನಡು ಇನ್ನೊಂದು ತಂತಿಯಲ್ಲಿ. ಆಮೇಲೆ ಆದ ಬೆಳಕನ್ನು ಪಕ್ಕದ ಊರಿನವರು ಸೂರ್ಯ ಎರಡನೆಯ ಸಲ ಹುಟ್ಟಿದ ಎಂದುಕೊಂಡರು. ಕೋಳಿಗಳು ಮತ್ತೊಮ್ಮೆ ಕೂಗಿದವು. ಹುಲಿ ಕಣ್ಣು ಮುಚ್ಚಿಕೊಂಡು ನೆಲಕ್ಕೆ ಬಿದ್ದ. ಮೇಸ್ತ್ರಿ ಅವನನ್ನು ಮುಟ್ಟಲಿಲ್ಲ. ಮೊದಲು ಓಡಿಹೋಗಿ ಮೇನ್ ಇಳಿಸಿದ. ಆಮೇಲೆ ಅವನನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದ.

ಕಣ್ಣು ಉಳಿಯಿತು. ಕೆನ್ನೆಯ ಚರ್ಮ ನಿಧಾನಕ್ಕೆ ಕೂಡಿಕೊಂಡಿತು. ಎಡಗಡೆಯ ಮೀಸೆ ಮಾತ್ರ ಮತ್ತೆ ಬೆಳೆಯಲಿಲ್ಲ. ಬಲಗಡೆಯದನ್ನಾದರೂ ಬೋಳಿಸಬಹುದಿತ್ತು. ಅವನು ಬೋಳಿಸಲಿಲ್ಲ. ಆಸ್ಪತ್ರೆಯಿಂದ ಹೊರಬಂದ ದಿನವೇ ಉಳಿದರ್ಧವನ್ನು ತಿರುವಿಕೊಂಡು, "ಕರೆಂಟು ನನ್ನ ಹತ್ರ ಅರ್ಧ ಮೀಸೆ ಸಾಲ ತಗೊಂಡಿದೆ," ಎಂದು ಸಾರಿದ. ಮೇಸ್ತ್ರಿ ಅದೇ ವಾರ ಅಂಗಡಿಗೆ ಹೋಗಿ ಒಂದು ಬೀಗ ತಂದು, ಅದಕ್ಕೆ ಕೆಂಪು ಬಣ್ಣ ಬಳಿದ.

ಅಂದಿನಿಂದ ಅವನು ಬೀಗವಿಲ್ಲದೆ ಒಂದು ಸ್ಕ್ರೂ ಕೂಡ ತಿರುಗಿಸಲಿಲ್ಲ. ಅರ್ಧಮೀಸೆ ಆಡಿಕೊಳ್ಳುವುದನ್ನೂ ಬಿಡಲಿಲ್ಲ. ಬೀದಿಯ ಆ ತುದಿಯಿಂದಲೇ ಕೂಗುತ್ತಿದ್ದ: "ಏ ಪುಕ್ಕಲಾ! ಟಾರ್ಚಿಗೆ ಸೆಲ್ ಹಾಕೋವಾಗಲೂ ಬೀಗ ಹಾಕ್ತೀಯಂತೆ, ಹೌದಾ?"

"ಹೌದು," ಎಂದು ಮೇಸ್ತ್ರಿ ಈ ತುದಿಯಿಂದ ಕೂಗುತ್ತಿದ್ದ. "ನಿನಗೂ ಒಂದು ತಂದಿಟ್ಟಿದೀನಿ. ಯಾವಾಗ ತಗೊಂಡು ಹೋಗ್ತೀಯಾ?"

"ನನ್ನ ಹೆಣ ತಗೊಂಡು ಹೋಗುತ್ತೆ!"

*

ಮಗಳು ಕೆಲಸ ಕಲಿಯುತ್ತೇನೆ ಎಂದಾಗ ಮನೆಯಲ್ಲಿ ನಡೆದ ಗಲಾಟೆಗೆ ಗೋಡೆಯ ಸುಣ್ಣ ಉದುರಿತ್ತು. ಗಲಾಟೆ ಮಾಡಿದವಳು ಅಮ್ಮ. ಅಪ್ಪ ಏನೂ ಹೇಳದೆ ಅವಳನ್ನು ಕರೆದುಕೊಂಡು ಹೋಗಿ ಒಂದು ಬೀಗ ಕೊಡಿಸಿದ. ಟೆಸ್ಟರಲ್ಲ, ಇಕ್ಕಳವಲ್ಲ. ಬೀಗ.

"ಇದಕ್ಕೆ ನೀನೇ ಬಣ್ಣ ಹಚ್ಚು. ನನ್ನ ಬಣ್ಣ ಬೇಡ."

ಅವಳು ಹಳದಿ ಹಚ್ಚಿದಳು.

ಮೊದಲ ಕೆಲಸದ ದಿನ ಅಪ್ಪ ಮೇನ್ ಸ್ವಿಚ್ಚಿನ ಹಿಡಿಗೆ ಒಂದು ಕಬ್ಬಿಣದ ಕೊಂಡಿ ಸಿಕ್ಕಿಸಿದ. ಕಮ್ಮಾರನಿಂದ ಹೇಳಿ ಮಾಡಿಸಿದ್ದು, ಉದ್ದಕ್ಕೂ ತೂತುಗಳಿರುವ ಕೊಂಡಿ. ಒಂದು ತೂತಿಗೆ ತನ್ನ ಕೆಂಪು ಬೀಗ ಹಾಕಿದ.

"ಈಗ ನಿಂದು ಹಾಕು."

"ನಿಮ್ಮದು ಹಾಕಿದೀರಲ್ಲಪ್ಪಾ. ಒಂದಿದ್ರೆ ಸಾಲ್ದಾ?"

"ನನ್ನ ಬೀಗ ನನ್ನ ಪ್ರಾಣಕ್ಕೆ. ನಾನು ಕೆಲಸ ಮುಗಿಸಿ ನಂದು ಬಿಚ್ಕೊಂಡು ಹೋದೆ ಅಂತಿಟ್ಕೋ. ಹೋಗೋವಾಗ ನೀನು ಇನ್ನೂ ಒಳಗಿದೀಯ ಅನ್ನೋದು ಮರ್ತೆ. ಆಗ? ಇನ್ನೊಬ್ಬರ ಬೀಗದ ಕೆಳಗೆ ಯಾವತ್ತೂ ಕೈ ಹಾಕ್ಬೇಡ ಮಗಳೇ. ಅದು ನಿಮ್ಮಪ್ಪನ ಬೀಗ ಆದ್ರೂ."

ಆಮೇಲೆ ಟೆಸ್ಟರು. ಮೊದಲು ಕರೆಂಟು ಇದ್ದೇ ಇರುವ ಜಾಗದಲ್ಲಿ ಇಟ್ಟು ನೋಡಬೇಕು, ದೀಪ ಹತ್ತಬೇಕು. ಆಮೇಲೆ ಕೆಲಸ ಮಾಡುವ ತಂತಿ, ಹತ್ತಬಾರದು. ಆಮೇಲೆ ಮತ್ತೆ ಮೊದಲಿನ ಜಾಗ, ಹತ್ತಬೇಕು.

"ಮತ್ತೆ ಯಾಕೆ?"

"ನಡುವೆ ಟೆಸ್ಟರೇ ಸತ್ತುಹೋಗಿದ್ರೆ? ಸತ್ತವನ ಸಾಕ್ಷಿ ನಂಬ್ತೀಯಾ ನೀನು?"

ಅವಳು ನಕ್ಕಿದ್ದಳು. ಅಪ್ಪ ನಕ್ಕಿರಲಿಲ್ಲ. ಅವನಿಗೆ ನಿಜವಾಗಿಯೂ ಹೆದರಿಕೆಯಾಗುತ್ತಿತ್ತು. ಅಷ್ಟು ವರ್ಷ ಕೆಲಸ ಮಾಡಿಯೂ ಪ್ರತಿ ಸಲ ತಂತಿ ಮುಟ್ಟುವ ಮೊದಲು ಅವನ ಗಂಟಲಲ್ಲಿ ಉಗುಳು ಇಳಿಯುವ ಸದ್ದು ಅವಳಿಗೆ ಕೇಳುತ್ತಿತ್ತು.

*

"ಮ್ಯಾನೇಜರ್ ಎಲ್ಲಿ ಮಾವ?" ಎಂದು ಮಗಳು ಕೇಳುವಾಗ ಶವಪೆಟ್ಟಿಗೆ ಬಂದಿತ್ತು. ಹೊರಡುವ ಹೊತ್ತು ಹತ್ತಿರವಾಗಿತ್ತು.

"ಅವನಾ? ಆಗಲೇ ಸ್ಕೂಟರ್ ಹತ್ತಿ ಹೋದ," ಎಂದ ಏಣಿ. "ಯಾರಿಗೋ ಫೋನಲ್ಲಿ ಹೇಳ್ತಿದ್ದ, ಬೀಗ ಕತ್ತರಿಸೋಕೆ ಗ್ರೈಂಡರ್ ತಗೊಂಡು ಬಾ ಅಂತ."

ಉಂಗುರನ ಹೊಟ್ಟೆ ಕುಲುಕತೊಡಗಿತು.

"ಗ್ರೈಂಡರಾ? ಯಾವ ಕರೆಂಟಲ್ಲಿ ತಿರುಗಿಸ್ತಾನಂತೆ? ಮೇನೇ ಬೀಗದಲ್ಲಿದೆಯಲ್ಲೋ!"

ಎಲೆಕ್ಟ್ರಿಷಿಯನ್ನರ ಇಡೀ ಸಾಲು ಬಿದ್ದು ಬಿದ್ದು ನಕ್ಕಿತು. ಸಾವಿನ ಮನೆ ಎಂಬುದನ್ನು ಮರೆತು ನಕ್ಕಿತು. ಕುರ್ಚಿಗಳು ನಕ್ಕವು. ಗೋಡೆಗಳೂ ನಕ್ಕವು. ನಗದೆ ಉಳಿದವಳು ಮಗಳು ಒಬ್ಬಳೇ.

"ಹ್ಯಾಕ್ಸಾ ಗರಗಸಕ್ಕೆ ಕರೆಂಟು ಬೇಕಾಗಿಲ್ಲ ಮಾವ," ಎಂದಳು.

ನಗು ಸ್ವಿಚ್ಚು ತೆಗೆದಂತೆ ನಿಂತಿತು.

ಅವಳು ಒಳಗೆ ಓಡಿದಳು. "ಅಮ್ಮಾ, ಅವನು ಬೀಗ ಕೊಯ್ಯೋಕೆ ಹೋಗಿದಾನೆ. ನಾನು ಹೋಗ್ಲಾ? ಇಲ್ಲಿ ಎಲ್ಲ ಹೊರಡೋ ಹೊತ್ತು..."

"ಹೋಗು," ಎಂದಳು ಅಮ್ಮ. "ಇವರು ಕಾಯ್ತಾರೆ. ಊಟ ಆರಿಹೋಗೋವರೆಗೆ ಎಷ್ಟು ರಾತ್ರಿ ನಾನು ಇವರಿಗೆ ಕಾದಿಲ್ಲ? ಇವತ್ತು ಇವರ ಸರದಿ."

ಆ ಮೆರವಣಿಗೆಯನ್ನು ಕಂಡ ಊರು ಅದನ್ನು ಇನ್ನೂ ಮರೆತಿಲ್ಲ. ಮುಂದೆ ಮಗಳ ಸ್ಕೂಟರು, ಹಿಂದೆ ಏಣಿಯನ್ನು ಕೂರಿಸಿಕೊಂಡ ಉಂಗುರನ ಬೈಕು, ಅದರ ಹಿಂದೆ ಆಟೋಗಳು, ಸೈಕಲ್ಲುಗಳು, ಗಾಡಿ ಸಿಗದೆ ಓಡುತ್ತಿದ್ದವರು. ಹೆಣವನ್ನು ಮನೆಯಲ್ಲೇ ಮರೆತು ಶವಯಾತ್ರೆ ಹೊರಟಂತಿತ್ತು. ಅವರ ವೇಗಕ್ಕೆ ಬೀದಿಯ ಅಂಗಡಿಗಳ ಬೋರ್ಡುಗಳು ತಿರುಗಿ ನಿಂತವು.

ಫ್ಯಾಕ್ಟರಿಯ ಅಂಗಳವೆಲ್ಲ ನೀರು. ಮುಂದಿನ ಕೋಣೆಯಲ್ಲಿ, ಮೇನ್ ಸ್ವಿಚ್ಚಿನ ಎದುರು, ಕರಕರ ಸದ್ದು. ಮ್ಯಾನೇಜರ್ ಕೋಟು ಬಿಚ್ಚಿಟ್ಟು ಹ್ಯಾಕ್ಸಾ ಎಳೆಯುತ್ತಿದ್ದ. ಕೆಂಪು ಬೀಗ ಆಗಲೇ ಕೊಯ್ದುಹೋಗಿ ನೆಲದ ನೀರಿನಲ್ಲಿ ಬಿದ್ದಿತ್ತು.

"ನಿಲ್ಲಿಸಿ ಸರ್!"

"ಆಯ್ತು, ಆಯ್ತು, ಇನ್ನೇನು ಮುಗೀತು," ಎಂದ ಮ್ಯಾನೇಜರ್ ತಿರುಗಿಯೂ ನೋಡದೆ. "ನಿಮ್ಮಪ್ಪ ಎಂಥ ಪುಕ್ಕಲ ಮಾರಾಯ್ತಿ! ಒಂದು ಸ್ವಿಚ್ಚಿಗೆ ಎರಡೆರಡು ಬೀಗ! ಒಂದು ಕೊಯ್ಯೋಷ್ಟರಲ್ಲೇ ನನ್ನ ತೋಳು ಬಿದ್ದುಹೋಯ್ತು."

ಮಗಳು ಹತ್ತಿರ ಹೋದಳು. ಕೊಂಡಿಯ ಇನ್ನೊಂದು ತೂತಿನಲ್ಲಿ ಒಂದು ಬೀಗವಿತ್ತು. ಹೊಚ್ಚ ಹೊಸದು. ಅಂಗಡಿಯ ಸ್ಟಿಕ್ಕರು ಕೂಡ ಕಿತ್ತಿರಲಿಲ್ಲ. ಹ್ಯಾಕ್ಸಾದ ಹಲ್ಲು ಅದರ ಬಾಗಿದ ಕಬ್ಬಿಣದ ಬಳೆಯನ್ನು ಅರ್ಧಕ್ಕಿಂತ ಹೆಚ್ಚು ತಿಂದಿತ್ತು.

ಅಪ್ಪ ಹಾಕುತ್ತಿದ್ದದ್ದು ಒಂದೇ ಬೀಗ. ಬಣ್ಣ ಹಚ್ಚದ ಬೀಗವನ್ನು ಅವನು ಬಳಸುತ್ತಿರಲಿಲ್ಲ.

ಅವಳು ಹ್ಯಾಕ್ಸಾದ ಅಲಗಿಗೂ ಬಳೆಗೂ ನಡುವೆ ಅಂಗೈ ಇಟ್ಟಳು. ಮ್ಯಾನೇಜರ್ ಗಾಬರಿಯಾಗಿ ಎಳೆಯುವುದನ್ನು ನಿಲ್ಲಿಸಿದ.

"ಇದು ನಮ್ಮಪ್ಪನದಲ್ಲ ಸರ್."

"ಮತ್ತೆ ಯಾರದ್ದು?"

"ಒಳಗೆ ಯಾರು ಕೈ ಹಾಕಿದಾರೋ ಅವರದ್ದು."

ಮ್ಯಾನೇಜರನ ಕೈಯಿಂದ ಹ್ಯಾಕ್ಸಾ ಜಾರಿ ಬಿತ್ತು. ಅವನು ಹಿಂದೆ ಇದ್ದ ಯಾವುದೋ ಒಂದರ ಮೇಲೆ ಕುಸಿದು ಕುಳಿತ. ಅದೊಂದು ಅರ್ಧ ಕರಗಿದ ಐಸಿನ ದಿಮ್ಮಿ. ಅದರ ಮೇಲೆ ಕುಳಿತದ್ದು ಅವನಿಗೆ ಬಹಳ ಹೊತ್ತು ಗೊತ್ತಾಗಲಿಲ್ಲ.

"ನೀವಿಬ್ರೂ ಇಲ್ಲೇ ಕಾವಲಿರಿ ಮಾವ," ಎಂದು ಉಂಗುರ ಮತ್ತು ಏಣಿಗೆ ಹೇಳಿ, ತನ್ನ ಹಳದಿ ಬೀಗವನ್ನು ಖಾಲಿ ತೂತಿಗೆ ಹಾಕಿ ಒತ್ತಿ, ಅವಳು ಕತ್ತಲೆಯೊಳಗೆ ನಡೆದಳು.

ಕಂಪ್ರೆಸರ್ ಹಾಲು ಫ್ಯಾಕ್ಟರಿಯ ಇನ್ನೊಂದು ತುದಿಯಲ್ಲಿತ್ತು. ಅಲ್ಲಿಗೆ ಮುಂದಿನ ಕೋಣೆಯ ಯಾವ ಸದ್ದೂ ಕೇಳುತ್ತಿರಲಿಲ್ಲ. ಅಪ್ಪ ಬಿಚ್ಚಿಟ್ಟಿದ್ದ ಪ್ಯಾನೆಲ್ಲಿನಿಂದ ಸಣ್ಣಗೆ ಟಾರ್ಚಿನ ಬೆಳಕು ಬರುತ್ತಿತ್ತು. ತಾಮ್ರದ ಪಟ್ಟಿಗಳ ನಡುವೆ ಎರಡೂ ತೋಳುಗಳನ್ನು ಹೆಗಲವರೆಗೆ ತೂರಿಸಿ, ತಲೆಯನ್ನೂ ಒಳಗಿಟ್ಟು, ಒಬ್ಬ ಮುದುಕ ಗೊಣಗುತ್ತಾ ಬೋಲ್ಟು ಬಿಗಿಯುತ್ತಿದ್ದ. ಹಲ್ಲಿನ ನಡುವೆ ಟಾರ್ಚು. ಕೈಗೆ ರಬ್ಬರ್ ಗ್ಲೌಸು. ಮೂಗಿನ ಮೇಲೆ ದೊಡ್ಡ ಕನ್ನಡಕ. ಕನ್ನಡಕದ ಕೆಳಗೆ ಬಲಗಡೆ ಮಾತ್ರ ಮೀಸೆ.

"ಚಿಕ್ಕಪ್ಪಾ," ಎಂದಳು ಅವಳು ಮೆಲ್ಲಗೆ.

ಅರ್ಧಮೀಸೆ ತಲೆ ಹೊರತೆಗೆದ. ಟಾರ್ಚು ಕೆಳಗೆ ಬಿತ್ತು.

"ನೀನ್ಯಾಕೆ ಬಂದೆ ಇಲ್ಲಿಗೆ? ಅಲ್ಲಿ ಅಪ್ಪನ್ನ ಬಿಟ್ಟು!"

"ನೀವ್ಯಾಕೆ ಬಂದ್ರಿ?"

ಅವನು ಗ್ಲೌಸು ಹಾಕಿದ ಕೈಯಲ್ಲಿ ಮೀಸೆ ತಿರುವಲು ಹೋದ. ಅದು ಬಗ್ಗಲಿಲ್ಲ. "ಬೆಳಿಗ್ಗೆ ಬೋಲ್ಟಿನ ಅಂಗಡಿಗೆ ಹೋಗಿದ್ದೆ. ಮೇಸ್ತ್ರಿ ಹೇಳಿದ್ದ ಬೋಲ್ಟು ಬಂದಿದೆ, ಮೇಸ್ತ್ರಿ ಹೋಗ್ಬಿಟ್ರು ಅಂದ ಅಂಗಡಿಯವನು. ಬೋಲ್ಟು ಅಲ್ಲಿ ಕೂತಿತ್ತು. ನಿಮ್ಮಪ್ಪ ಹುಟ್ಟಿದಾಗಿಂದ ಒಂದು ಕೆಲಸನೂ ಅರ್ಧಕ್ಕೆ ಬಿಟ್ಟೋನಲ್ಲ. ಅದಕ್ಕೇ ಬೋಲ್ಟು ತಗೊಂಡು ಹಿಂದಿನ ಗೋಡೆ ಹಾರಿ ಬಂದೆ."

"ಈ ವಯಸ್ಸಲ್ಲಿ ಗೋಡೆ ಹಾರಿದ್ರಾ?"

"ಹಾರಿದೆ ಅಂದ್ರೆ... ಆ ಕಡೆಯಿಂದ ಈ ಕಡೆಗೆ ಬಿದ್ದೆ."

"ಮತ್ತೆ ಬೀಗ?"

ಅರ್ಧಮೀಸೆ ಪ್ಯಾನೆಲ್ಲನ್ನು ನೋಡಿದ, ಚಾವಣಿಯನ್ನು ನೋಡಿದ. "ಅದೇ ಅಂಗಡೀಲಿ ಬೀಗನೂ ಇತ್ತು. ಇಲ್ಲಿ ಮೇನಲ್ಲಿ ಅವನ ಕೆಂಪು ಬೀಗ ನೇತಾಡ್ತಿತ್ತು, ನಿಜ. ಆದ್ರೂ ಅವನೇ ಹೇಳ್ತಿದ್ನಲ್ಲ, ಇನ್ನೊಬ್ರ ಬೀಗದ ಕೆಳಗೆ ಕೈ ಹಾಕ್ಬಾರ್ದು ಅಂತ. ಬೀದಿ ತುದಿಯಿಂದ ನನ್ನ ಕಿವಿ ತೂತು ಬೀಳೋ ಹಾಗೆ ಹೇಳ್ತಿದ್ನಲ್ಲ." ದನಿ ತಗ್ಗಿಸಿದ. "ನಾನು ಬೀಗ ಹಾಕ್ದೆ ಅಂತ ಯಾರಿಗೂ ಹೇಳ್ಬೇಡ ಮಗಳೇ. ಊರಲ್ಲಿ ತಲೆ ಎತ್ಕೊಂಡು ತಿರುಗೋ ಹಾಗಿರಲ್ಲ."

"ಹೇಳಲ್ಲ," ಎಂದಳು ಅವಳು. "ಬನ್ನಿ, ನಿಮಗೇನೋ ತೋರಿಸ್ಬೇಕು."

ಮುಂದಿನ ಕೋಣೆಯಲ್ಲಿ ಆ ಹೊತ್ತಿಗೆ ಇಡೀ ಊರೇ ತುಂಬಿತ್ತು. ಅರ್ಧಮೀಸೆ ಎಲ್ಲರನ್ನೂ ಒಮ್ಮೆ ನೋಡಿ, ಗ್ಲೌಸು ಹಾಕಿದ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಆಮೇಲೆ ಬೀಗ ಕಂಡಿತು. ಒಂದು ಕೈಯ ಗ್ಲೌಸು ಬಿಚ್ಚಿ, ಬಳೆಯ ಮೇಲೆ ಹ್ಯಾಕ್ಸಾ ಕೊರೆದ ಜಾಗದಲ್ಲಿ ಹೆಬ್ಬೆರಳಿಟ್ಟು ನೋಡಿದ. ಉಳಿದದ್ದು ಬೆಂಕಿಕಡ್ಡಿಯಷ್ಟು ದಪ್ಪ. ಹೆಬ್ಬೆರಳು ಅಲ್ಲೇ ನಿಂತಿತು.

"ನಾನು... ನಂಗೆ ಗೊತ್ತಿರ್ಲಿಲ್ಲ," ಎಂದ ಮ್ಯಾನೇಜರ್ ಐಸಿನ ಮೇಲಿಂದ. ಅವನ ಹಲ್ಲು ಕಟಕಟಿಸುತ್ತಿತ್ತು. ಚಳಿಗೋ ಭಯಕ್ಕೋ ತಿಳಿಯುವಂತಿರಲಿಲ್ಲ.

ಅರ್ಧಮೀಸೆ ಗಂಟಲು ಸರಿಮಾಡಿಕೊಂಡ. "ಹಾಳಾದೋನೇ," ಎಂದ. "ಹೊಸ ಬೀಗ ಕಣೋ. ಸ್ಟಿಕ್ಕರು ಕೂಡ ಕಿತ್ತಿರ್ಲಿಲ್ಲ."

ಮುಂದಿನದೆಲ್ಲ ಮೇಸ್ತ್ರಿ ಇದ್ದಿದ್ದರೆ ಹೇಗೆ ನಡೆಯುತ್ತಿತ್ತೋ ಹಾಗೆಯೇ ನಡೆಯಿತು. ಮಗಳು ಪ್ಯಾನೆಲ್ಲಿನ ಒಳಗೆ ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡಿದಳು. ಬಾಗಿಲು ಮುಚ್ಚಿದಳು. ಫ್ಯಾಕ್ಟರಿಯ ಮೂಲೆ ಮೂಲೆಗೆ ಹೋಗಿ ಯಾರಾದರೂ ಇದ್ದೀರಾ ಎಂದು ಕೂಗಿದಳು. ಅರ್ಧಮೀಸೆ ತನ್ನ ಗಾಯಗೊಂಡ ಬೀಗವನ್ನು ತನ್ನದೇ ಕೀಲಿಕೈಯಿಂದ ಬಿಚ್ಚಿದ. ಅವಳು ತನ್ನದನ್ನು ಬಿಚ್ಚಿದಳು. ಎಲ್ಲರನ್ನೂ ಪಕ್ಕಕ್ಕೆ ಸರಿಸಿ, ತಾನೂ ಪಕ್ಕಕ್ಕೆ ನಿಂತು, ಮುಖ ಆಚೆ ತಿರುಗಿಸಿ ಹಿಡಿಯನ್ನು ಎತ್ತಿದಳು. ಕಂಪ್ರೆಸರು ಗುಡುಗಿತು. ಐಸ್ ಫ್ಯಾಕ್ಟರಿಯಲ್ಲಿ ಬೆಳಕಾಯಿತು. ಮ್ಯಾನೇಜರಿಗೆ ತಾನು ಎಲ್ಲಿ ಕುಳಿತಿದ್ದೇನೆಂದು ಆಗ ತಿಳಿಯಿತು.

*

ಮನೆಯಲ್ಲಿ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಅರ್ಧಮೀಸೆ ಹೊಸ್ತಿಲಿನ ಹೊರಗೇ ನಿಂತಿದ್ದ.

"ಒಳಗೆ ಬಾರೋ," ಎಂದಳು. "ಅವರೇನು ಕಚ್ತಾರಾ?"

"ಮುಖ ನೋಡೋಕೆ ಹೆದರಿಕೆ ಆಗುತ್ತೆ ಅತ್ತಿಗೆ."

ಆ ಮಾತು ಆ ಬಾಯಿಂದ ಬಂದದ್ದಕ್ಕೆ ಭೂಮಿ ಒಂದು ಸುತ್ತು ಹಿಂದಕ್ಕೆ ತಿರುಗಬೇಕಿತ್ತು. ತಿರುಗಲಿಲ್ಲ. ಉಂಗುರ ಮಾತ್ರ ತಲೆ ತಗ್ಗಿಸಿದ, ಏಣಿ ಕನ್ನಡಕ ಒರೆಸಿಕೊಂಡ. ಅರ್ಧಮೀಸೆ ಒಳಗೆ ಬಂದು, ಬಹಳ ಹೊತ್ತು ನೋಡಿ, ಮೇಸ್ತ್ರಿಯ ಕಾಲನ್ನು ಹೊದಿಕೆಯ ಮೇಲಿಂದ ಒಮ್ಮೆ ಅಮುಕಿದ.

ಅಮ್ಮ ಮುಷ್ಟಿ ಬಿಚ್ಚಿ ಕೀಲಿಕೈಯನ್ನು ಗಂಡನ ಜೇಬಿಗೆ ಇಳಿಸಿದಳು. "ಇನ್ನು ಯಾವನಾದ್ರೂ ಕೈ ಹಾಕ್ಲಿ ನೋಡೋಣ," ಎಂದಳು. ಒದ್ದೆ ಪ್ಯಾಂಟಿನ ಮ್ಯಾನೇಜರ್ ನಾಲ್ಕು ಹೆಜ್ಜೆ ಹಿಂದೆ ಸರಿದ.

ಪೆಟ್ಟಿಗೆಗೆ ಹೆಗಲು ಕೊಟ್ಟವರು ಮುಂದೆ ಮಗಳು ಮತ್ತು ಅರ್ಧಮೀಸೆ, ಹಿಂದೆ ಉಂಗುರ ಮತ್ತು ಏಣಿ. ಏಣಿ ಕುಂಟಿದಾಗಲೆಲ್ಲ ಮೇಸ್ತ್ರಿ ಒಂದು ಕಡೆಗೆ ವಾಲುತ್ತಿದ್ದ. ಹಿಂದೆ ಬರುತ್ತಿದ್ದ ಜನರ ಕೊನೆ ಯಾರಿಗೂ ಕಾಣುತ್ತಿರಲಿಲ್ಲ. ಅದರ ಬಾಲ ಇನ್ನೂ ಪಕ್ಕದ ಊರಿನಲ್ಲೇ ಇತ್ತು ಎನ್ನುವವರಿದ್ದಾರೆ.

ಬೀದಿ ಕಿರಿದಾಗುವ ಕಡೆ ಅರ್ಧಮೀಸೆ ಗಕ್ಕನೆ ನಿಂತ. "ನಿಲ್ಲಿ!"

ಕಂಬದಿಂದ ಒಂದು ಮನೆಯ ಮಾಡಿಗೆ ಎಳೆದ ತಂತಿಯೊಂದು ಜೋತುಬಿದ್ದು, ಬೀದಿಯ ನಡುವೆ ತಲೆಗೆ ತಾಕುವಷ್ಟು ಕೆಳಗೆ ತೂಗುತ್ತಿತ್ತು.

"ಅದು ಟೀವಿ ಕೇಬಲ್ಲು ಮಾರಾಯಾ," ಎಂದು ಹಿಂದಿನಿಂದ ಯಾರೋ ಕೂಗಿದರು. "ಕೈಯಲ್ಲಿ ಎತ್ತಿ ಹಿಡಿ, ಹೋಗೋಣ."

"ಟೆಸ್ಟ್ ಮಾಡಿದ್ಯಾ ನೀನು?"

"ಇಲ್ಲ..."

"ಹಾಗಾದ್ರೆ ಬಗ್ಗು."

ಅವನ ಗಂಟಲಲ್ಲಿ ಉಗುಳು ಇಳಿಯಿತು. ಪಕ್ಕದಲ್ಲಿದ್ದ ಮಗಳಿಗೆ ಅದು ಕೇಳಿಸಿತು. ನಾಲ್ವರೂ ಪೆಟ್ಟಿಗೆಯನ್ನು ಹೆಗಲಿಂದ ಮಂಡಿಯ ಮಟ್ಟಕ್ಕೆ ಇಳಿಸಿ, ಬೆನ್ನು ಬಾಗಿಸಿ, ಒಂದೊಂದೇ ಹೆಜ್ಜೆ ತಂತಿಯ ಕೆಳಗೆ ಸಾಗಿದರು. ಅವರ ಹಿಂದೆ ಅಮ್ಮ ಬಾಗಿದಳು. ಎಲೆಕ್ಟ್ರಿಷಿಯನ್ನರು ಬಾಗಿದರು. ಮ್ಯಾನೇಜರ್ ಎಲ್ಲರಿಗಿಂತ ಕೆಳಗೆ, ಹೆಚ್ಚುಕಡಿಮೆ ತೆವಳಿಕೊಂಡು ಬಂದ. ಅವರ ಹಿಂದಿನವರು ಬಾಗಿದರು. ತಂತಿಯೇ ಕಾಣದಷ್ಟು ದೂರ ಇದ್ದವರು ಮುಂದಿನವರು ಬಾಗಿದ್ದಾರೆಂದು ಬಾಗಿದರು.

ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬಳು ಬಕೆಟ್ ಕೆಳಗಿಟ್ಟು ನೋಡುತ್ತಾ ನಿಂತಳು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬರೀ ಬೆನ್ನುಗಳು, ಬಿಸಿಲಿನಲ್ಲಿ ಮೆಲ್ಲಗೆ ಹರಿಯುತ್ತಿದ್ದವು. ಅಷ್ಟು ಜನರ ನಡುವೆ ಬಾಗದೆ, ನೆಟ್ಟಗೆ ಅಂಗಾತ ಮಲಗಿ ಹೋಗುತ್ತಿದ್ದವನು ಒಬ್ಬನೇ.